ಅವರೆ ಬಳ್ಳಿಗೊಂದು ಟೈಮರು

ಮೊನ್ನೆ ಟೀವಿಯ ರಿಮೋಟ್ ಕೆಲಸ ನಿಲ್ಲಿಸಿತು. ನಮ್ಮ ಮನೆಯಲ್ಲಿ ಬ್ಯಾಟರಿ ಬೇಕಾದಾಗ ಸಿಗುವ ವಸ್ತುವಲ್ಲ. ಅಡಿಗೆಮನೆಯ ಕೊನೆಯ ಡ್ರಾಯರಿನಲ್ಲಿದೆ ಎಂದು ನಾನೂ ನನ್ನ ಹೆಂಡತಿ ಸುಧಾಳೂ ವರ್ಷಗಳಿಂದ ನಂಬಿಕೊಂಡು ಬಂದಿದ್ದೇವೆ. ಎಳೆದು ನೋಡಿದರೆ ಅಲ್ಲಿರುವುದು ಯಾವ ಬೀಗಕ್ಕೂ ಸೇರದ ಬೀಗದಕೈಗಳು, ಪಿಜ್ಜಾದ ಜೊತೆ ಬಂದ ಮೆಣಸಿನಪುಡಿಯ ಪೊಟ್ಟಣಗಳು, ಮಗಳು ಹೈಸ್ಕೂಲಿನಲ್ಲಿ ಬಳಸಿದ ಕ್ಯಾಲ್ಕ್ಯುಲೇಟರು. ಕೊನೆಗೆ ಸುಧಾ, ಗರಾಜಿನಲ್ಲಿರುವ ನೀರಿನ ಟೈಮರಿನಿಂದ ಎರಡು ತೆಗೆದುಕೊಳ್ಳಿ, ಈ ಚಳಿಯಲ್ಲಿ ಅದಕ್ಕೇನು ಕೆಲಸ ಎಂದಳು.

ಹೋಗಿ ಟೈಮರಿನ ಮುಚ್ಚಳ ತೆಗೆದೆ. ಬ್ಯಾಟರಿಗಳ ತುದಿಯಲ್ಲಿ ಬಿಳಿ ಪುಡಿ ಬೂಸು ಹಿಡಿದ ಹಾಗೆ ಬೆಳೆದಿತ್ತು. ಚಳಿಗಾಲಕ್ಕೆ ಮೊದಲು ಒಳಗಿನ ನೀರು ಬಸಿದು, ಬ್ಯಾಟರಿ ತೆಗೆದಿಡಬೇಕೆಂದು ಅದರ ಪುಸ್ತಿಕೆಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ನೀರು ಬಸಿದಿದ್ದೆ, ಬ್ಯಾಟರಿ ಮರೆತಿದ್ದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ವಿನಿಗರಿನಲ್ಲಿ ಅದ್ದಿ ಪುಡಿಯನ್ನು ಉಜ್ಜುತ್ತ ಕೂತವನಿಗೆ ರಿಮೋಟೂ ಮರೆತುಹೋಯಿತು, ಟೀವಿಯೂ ಮರೆತುಹೋಯಿತು. ಸರೋಜಾ ಆಂಟಿಯ ಅವರೆ ಬಳ್ಳಿ ಕಣ್ಣ ಮುಂದೆ ಬಂತು.

ಈ ಟೈಮರನ್ನು ನೀವು ನೋಡಿರಲಿಕ್ಕಿಲ್ಲ. ಅಂಗೈ ತುಂಬುವಷ್ಟು ದೊಡ್ಡ ಹಸಿರು ಪ್ಲಾಸ್ಟಿಕ್ ಡಬ್ಬಿ. ಅದರ ತಲೆಯನ್ನು ಹೊರಗೋಡೆಯ ನಳಕ್ಕೆ ತಿರುಪಬೇಕು, ಬಾಲಕ್ಕೆ ತೋಟದ ಪೈಪು ಜೋಡಿಸಬೇಕು. ಎಷ್ಟು ಗಂಟೆಗೆ, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ ಎಂದು ಮೂರು ಮಾತು ಹೇಳಿ, ನಳವನ್ನು ಪೂರ್ತಿ ತೆರೆದಿಟ್ಟು ನಾವು ನಮ್ಮ ಕೆಲಸಕ್ಕೆ ಹೋದರಾಯಿತು. ಹೊತ್ತಿಗೆ ಸರಿಯಾಗಿ ಒಳಗೆ ಟಕ್ ಎಂದು ಸದ್ದಾಗಿ ನೀರು ಹೊರಡುತ್ತದೆ. ಹೊತ್ತು ಮುಗಿದಾಗ ಇನ್ನೊಂದು ಟಕ್.

ನಾನು ಇಂಜಿನಿಯರ್. ದೊಡ್ಡ ಕಟ್ಟಡಗಳ ನೀರಿನ ಪೈಪುಗಳನ್ನು ಡಿಸೈನ್ ಮಾಡುವುದೇ ಮೂವತ್ತು ವರ್ಷಗಳಿಂದ ನನ್ನ ಹೊಟ್ಟೆಪಾಡು. ಈ ಮಾತನ್ನು ಈಗಲೇ ಹೇಳಿಬಿಟ್ಟರೆ ಮುಂದೆ ನಿಮಗೆ ನಗಲು ಅನುಕೂಲ. ಟೈಮರ್ ಕೊಂಡ ದಿನವೇ ಅದನ್ನು ಬಿಚ್ಚಿ ನೋಡಿದೆ. ಇಡೀ ಊರಿನ ಪೈಪಿನ ಒತ್ತಡವನ್ನು ಎರಡು ಪುಟಾಣಿ ಬ್ಯಾಟರಿ ಹೇಗೆ ತಡೆದಾವು ಎಂಬುದು ನನ್ನ ಕುತೂಹಲ. ತಡೆಯುವುದು ಬ್ಯಾಟರಿಯಲ್ಲ. ಅದು ಒಂದು ಸಣ್ಣ ಮೊಳೆಯನ್ನು ಕೂದಲೆಳೆಯಷ್ಟು ಸರಿಸಿ ಸುಮ್ಮನಾಗುತ್ತದೆ. ಆಗ ನೀರೇ ತನ್ನ ಒತ್ತಡದಿಂದ ಒಂದು ರಬ್ಬರಿನ ಬಿಲ್ಲೆಯನ್ನು ಒತ್ತಿ ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ನನಗೆ ಇದು ಎಷ್ಟು ಹಿಡಿಸಿತೆಂದರೆ ಊಟದ ಹೊತ್ತಿಗೆ ಸುಧಾಳಿಗೆ ಎರಡು ಸಲ ವಿವರಿಸಿದೆ. ಎರಡನೆಯ ಸಲ ಅವಳು ಸಾರು ಬಡಿಸಿ ಎದ್ದುಹೋದಳು.

ನನ್ನ ಬಾಲ್ಯದಲ್ಲಿ ಈ ಕೆಲಸ ಮಾಡಲು ಒಬ್ಬ ಮನುಷ್ಯನೇ ಇದ್ದ. ಗದಗಿನ ನಮ್ಮ ಓಣಿಗೆ ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ನೀರು. ಬಿಡುವವನು ವಾಲ್‌ಮನ್ ಹುಸೇನಸಾಬ. ಆಳೆತ್ತರದ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ಓಣಿಯ ಮೂಲೆಯ ತಗ್ಗಿನಲ್ಲಿ ಅದನ್ನು ಇಳಿಸಿ, ಎರಡೂ ಕೈಯಿಂದ ತಿರುವುತ್ತಿದ್ದ. ತಿರುವಿದ ಮೇಲೆ ಚಾವಿಯ ಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನೆಲದ ಕೆಳಗೆ ನೀರು ಯಾವ ಮನೆಯವರೆಗೆ ಹೋಯಿತು, ಎಲ್ಲಿ ಸೋರುತ್ತಿದೆ ಎಂದು ಅವನಿಗೆ ಕೇಳಿಸುತ್ತಿತ್ತಂತೆ. ನಾನೂ ಒಮ್ಮೆ ಬೇಡಿಕೊಂಡು ಕಿವಿಯಿಟ್ಟೆ. ಗುಂಯ್ ಎನ್ನುವುದೊಂದು ಬಿಟ್ಟರೆ ಏನೂ ಕೇಳಲಿಲ್ಲ, ಆದರೆ ಪೈಪಿನ ಹುಚ್ಚು ಹಿಡಿದದ್ದು ಅವತ್ತೇ ಇರಬೇಕು. ದೀಪಾವಳಿಗೆ ನಮ್ಮವ್ವ ಮಾಡಿದ ಚಕ್ಕಲಿಯ ಮೊದಲ ಪೊಟ್ಟಣ ಅವನಿಗೇ ಹೋಗುತ್ತಿತ್ತು.

ಇರಲಿ. ಟೈಮರ್ ತಂದದ್ದು ನನ್ನ ತೋಟಕ್ಕಲ್ಲ. ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಸರೋಜಾ ಆಂಟಿಯ ಮನೆ. ನನಗೇ ಐವತ್ತೆಂಟು, ಇನ್ನೊಬ್ಬರನ್ನು ಆಂಟಿ ಎನ್ನಲು ಸಂಕೋಚವಾಗಬೇಕು. ಆದರೆ ಅವರಿಗೆ ಎಪ್ಪತ್ತಾರು, ಮೇಲಾಗಿ ಈ ದೇಶದಲ್ಲಿ ನಮಗಿಂತ ಒಂದು ದಿನ ಮೊದಲು ಹುಟ್ಟಿದವರೆಲ್ಲ ಅಂಕಲ್, ಆಂಟಿಯೇ. ಮೈಸೂರಿನ ಕಡೆಯವರು. ಗಂಡ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಒಬ್ಬರೇ ಇದ್ದರು. ಹಿತ್ತಲಲ್ಲಿ ಅವರು ಬೇರೇನು ಬೆಳೆಸಿದರೋ ಬಿಟ್ಟರೋ, ಅವರೆ ಬಳ್ಳಿಯನ್ನು ಮಾತ್ರ ಹನ್ನೊಂದು ವರ್ಷ ಬಿಡದೆ ಬೆಳೆಸಿದರು. ಒಂದು ವರ್ಷವೂ ಒಂದು ಕಾಯಿ ಕಂಡವರಲ್ಲ.

ಅವರೆಯ ಹಟ ಹಾಗಿದೆ. ಹಗಲು ಚಿಕ್ಕದಾಗುವ ತನಕ ಅದು ಹೂ ಬಿಡುವ ಯೋಚನೆಯನ್ನೇ ಮಾಡುವುದಿಲ್ಲ. ಊರಿನಲ್ಲಿ ಅದರಿಂದ ತೊಂದರೆಯಿಲ್ಲ. ನ್ಯೂಜೆರ್ಸಿಯಲ್ಲಿ ಹಗಲು ಚಿಕ್ಕದಾಗುವ ಹೊತ್ತಿಗೆ ಚಳಿ ಬಾಗಿಲಿಗೆ ಬಂದಿರುತ್ತದೆ. ಆಂಟಿಯ ಬಳ್ಳಿ ಬೇಲಿ ಹತ್ತಿ, ಗರಾಜಿನ ಸೂರು ಹತ್ತಿ, ಎಲೆಯ ಮೇಲೆ ಎಲೆ ಬಿಟ್ಟು, ಮೊಗ್ಗು ತೋರಿಸುವಷ್ಟರಲ್ಲಿ ಇಬ್ಬನಿ ಹೆಪ್ಪುಗಟ್ಟುವ ಮೊದಲ ಫ್ರಾಸ್ಟ್ ಬಿದ್ದು ಕಪ್ಪಾಗಿ ಜೋತುಬೀಳುತ್ತಿತ್ತು. ಅವರು ಏಪ್ರಿಲ್‌ನಲ್ಲೇ ಮೊಸರಿನ ಡಬ್ಬಿಗಳಲ್ಲಿ ಬೀಜ ಹಾಕಿ ಕಿಟಕಿಯಲ್ಲಿಟ್ಟು ನೋಡಿದರು, ಮೀನಿನ ಗೊಬ್ಬರ ಮೂಗು ಮುಚ್ಚಿಕೊಂಡು ಹಾಕಿದರು, ಹಾಸಿಗೆಯ ಚಾದರ ಹೊದಿಸಿದರು. ದಿನಾ ಬೆಳಿಗ್ಗೆ ಆರಕ್ಕೆ ಪೈಪು ಹಿಡಿದು ಬುಡಕ್ಕೆ ನೀರು. ಅಂಗಡಿಯಲ್ಲಿ ಫ್ರೋಜನ್ ಅವರೆಕಾಳು ಸಿಗುತ್ತದಲ್ಲ ಎಂದು ನಾನೊಮ್ಮೆ ಹೇಳಿ ಕೆಟ್ಟೆ. ಅದರಲ್ಲಿ ಸೊಗಡು ಎಲ್ಲಿದೆ, ಗದಗಿನವರಿಗೆ ಜೋಳದ ರೊಟ್ಟಿ ಬಿಟ್ಟು ಬೇರೇನು ಗೊತ್ತು ಎಂದು ಶುರು ಮಾಡಿ, ಸಿಪ್ಪೆಯ ಎಣ್ಣೆ ಬೆರಳಿಗೆ ಅಂಟಿ ಎರಡು ದಿನ ಹೋಗದಿದ್ದರೆ ಅದು ಅವರೆಕಾಯಿ ಎಂದು ಮುಗಿಸಿದರು.

ಈ ವರ್ಷ ಆಗಸ್ಟ್‌ನಲ್ಲಿ ಅವರ ಮೊಣಕಾಲಿನ ಆಪರೇಷನ್ ಆಯಿತು. ಆರೈಕೆಗೆ ಮಗ ಜೆರಿಕೋ ಎಂಬ ಊರಿನ ತನ್ನ ಮನೆಗೆ ಕರೆದುಕೊಂಡು ಹೋಗುವವನಿದ್ದ. ಹೊರಡುವ ಹಿಂದಿನ ದಿನ ಆಂಟಿ ನನ್ನನ್ನು ಹಿತ್ತಲಿಗೆ ಕರೆದರು. ಅವರ ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ.

"ಮನೇನ ಮಾರ್ಚ್‌ನಲ್ಲಿ ಮಾರಾಟಕ್ಕೆ ಲಿಸ್ಟ್ ಮಾಡ್ತಾನಂತೆ, ವಸಂತ. ನಾನೂ ಹೂಂ ಅಂದ್ಬಿಟ್ಟೆ. ಇದೇ ಇಲ್ಲಿ ಕೊನೇ ಬಳ್ಳಿ. ಈ ಸಲ ಒಂದು ಹಿಡಿ ಕಾಯಿ ಬಿಟ್ರೂ ಸಾಕು ನಂಗೆ. ನೀರು ಮಾತ್ರ ತಪ್ಪಿಸ್ಬೇಡ."

ತಪ್ಪಿಸುವುದಿಲ್ಲ ಎಂದೆ. ಆದರೆ ಬೆಳಿಗ್ಗೆ ಆರಕ್ಕೆ ನಾನು ಸ್ಟೇಷನ್ನಿನ ಪಾರ್ಕಿಂಗ್‌ನಲ್ಲಿ ಜಾಗ ಹುಡುಕುತ್ತಿರುತ್ತೇನೆ, ಸುಧಾಳ ಆಸ್ಪತ್ರೆಯ ಶಿಫ್ಟ್ ಅದಕ್ಕಿಂತ ಮೊದಲು. ಹೀಗೆ ಬಂದದ್ದು ಟೈಮರು. ಆಂಟಿಯ ಗೋಡೆಯ ನಳಕ್ಕೆ ಬಿಳಿ ಟೇಪು ಸುತ್ತಿ, ವಾಷರ್ ಕೂರಿಸಿ, ಒಂದು ಹನಿ ಸೋರದಂತೆ ಜೋಡಿಸಿದೆ. ದಿನಾ ಬೆಳಿಗ್ಗೆ ಆರಕ್ಕೆ, ಹದಿನೈದು ನಿಮಿಷ. ಸಂಜೆ ಟ್ರೈನಿನಿಂದ ಇಳಿದವನು ಮನೆಗೆ ಹೋಗುವ ಮೊದಲು ಆಂಟಿಯ ಹಿತ್ತಲಿಗೆ ಹೋಗಿ ಟೈಮರನ್ನು ಪರೀಕ್ಷಿಸಿ ಬರುತ್ತಿದ್ದೆ. ಅಂಥ ಶಿಸ್ತು ನನ್ನದು.

ಹತ್ತು ದಿನ ಕಳೆಯುವಷ್ಟರಲ್ಲಿ ಬಳ್ಳಿ ಜೋಲುಮೋರೆ ಹಾಕಿತು. ಬಿಸಿಲು ಜೋರಿದೆ ಎಂದುಕೊಂಡೆ. ಬುಡದ ಮಣ್ಣಿಗೆ ಬೆರಳು ಚುಚ್ಚಿದರೆ ಬೂದಿಯಂತೆ ಒಣಗಿತ್ತು. ಹೊಸ ಬ್ಯಾಟರಿ ಹಾಕಿದೆ. ನಳ ತಿರುವಿ, ಟೈಮರಿನ ಕೈಗುಂಡಿ ಒತ್ತಿದರೆ ನೀರು ಭರ್ರೆಂದು ಬಂತು. ಸಮಾಧಾನದಿಂದ ಮನೆಗೆ ಬಂದೆ. ಮರುದಿನ ಮಣ್ಣು ಮತ್ತೆ ಬೂದಿ. ಹದಿನೈದು ನಿಮಿಷವನ್ನು ಮೂವತ್ತು ಮಾಡಿದೆ, ಆಮೇಲೆ ನಲವತ್ತೈದು. ಟೈಮರಿನ ಕುತ್ತಿಗೆಯೊಳಗಿನ ಸಣ್ಣ ಜಾಲರಿ ತೆಗೆದು, ಅದರಲ್ಲಿ ಸಿಕ್ಕಿದ್ದ ಮರಳನ್ನು ಹಳೆ ಟೂತ್‌ಬ್ರಶ್ಶಿನಿಂದ ತಿಕ್ಕಿದೆ. ರಬ್ಬರಿನ ಬಿಲ್ಲೆಯನ್ನು ತೊಳೆದು ಕೂರಿಸಿದೆ. ಮಳೆ ಬಂದರೆ ಎರಡು ದಿನ ರಜೆ ಕೊಡುವ ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೇ ಎಂದು ನೋಡಿದೆ. ಸುಧಾ ಅಳಿಲಿನ ಮೇಲೆ ಅನುಮಾನ ಪಟ್ಟಳು. ಅಳಿಲು ಪೈಪು ಕಚ್ಚೀತು, ಟೈಮರಿನ ಗಂಟೆ ತಿದ್ದೀತೇ ಎಂದು ನಾನು ವಾದಿಸಿದೆ. ಪ್ರತಿ ಸಂಜೆ ನಾನು ಎದುರು ನಿಂತಾಗ ಆ ಯಂತ್ರ ಬಂಗಾರದಂತೆ ಕೆಲಸ ಮಾಡುತ್ತಿತ್ತು. ನಾನಿಲ್ಲದ ಬೆಳಿಗ್ಗೆ ಮಾತ್ರ ಮೈಗಳ್ಳತನ. ಸಂಜೆ ನಾನೇ ಬುಡ ನೆನೆಸಿದರೆ ಬೆಳಿಗ್ಗೆಯ ಕಳ್ಳತನ ಮಣ್ಣಿನಲ್ಲಿ ಗೊತ್ತಾಗುವುದಿಲ್ಲವೆಂದು ಕೈಯಿಂದ ನೀರು ಹಾಕಲೂ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಆತಂಕದ ಜೊತೆಗೆ ಒಂದು ಬಗೆಯ ಖುಷಿಯೂ ಆಗುತ್ತಿತ್ತು. ಇಷ್ಟು ಒಳ್ಳೆಯ ಒಗಟು ಆಫೀಸಿನಲ್ಲಿ ಸಿಕ್ಕಿ ಎಷ್ಟೋ ವರ್ಷವಾಗಿತ್ತು.

ಪುಸ್ತಿಕೆಯ ಕೊನೆಯ ಪುಟದಲ್ಲಿ ಏನು ತಪ್ಪಾದರೆ ಏನು ನೋಡಬೇಕೆಂಬ ಪಟ್ಟಿಯಿತ್ತು. ಮೊದಲ ಪ್ರಶ್ನೆ, ನಳ ತೆರೆದಿದೆಯೇ. ಮೂವತ್ತು ವರ್ಷ ಪೈಪಿನ ಜೊತೆ ಬಾಳಿದವನನ್ನು ಇಂಥದ್ದು ಕೇಳಬಾರದು. ಅವಮಾನ ನುಂಗಿಕೊಂಡು ನೇರವಾಗಿ ಎರಡನೆಯದಕ್ಕೆ ಹೋದೆ. ಕಂಪನಿಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗಿಯೂ ಅದನ್ನೇ ಕೇಳಿದಳು. ನಾನು ಯಾರು, ಏನು ಕೆಲಸ ಮಾಡುತ್ತೇನೆ ಎಂದು ಅವಳಿಗೆ ಸ್ವಲ್ಪ ಉದ್ದವಾಗಿಯೇ ತಿಳಿಸಿದೆ. ಪಾಪ, ಅವಳು ತಾಳ್ಮೆಯಿಂದ ಕೇಳಿ, ಬ್ಯಾಟರಿ ತೆಗೆದು ಹಾಕಿ ನೋಡಿ ಎಂದಳು.

ಪ್ರತಿ ಭಾನುವಾರ ಆಂಟಿ ಫೋನ್ ಮಾಡುತ್ತಿದ್ದರು. ತಮ್ಮ ಮೊಣಕಾಲಿನ ವಿಷಯ ಒಂದು ನಿಮಿಷ, ಬಳ್ಳಿಯದು ಹತ್ತು ನಿಮಿಷ. ಎಲ್ಲಾ ಆರಾಮ ಐತ್ರಿ ಎಂದು ನಾನು ಹೇಳುತ್ತಿದ್ದೆ. ಹಾಗೆ ಹೇಳುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾಗಿ ಉದುರಲು ಶುರುವಾಗಿದ್ದವು. ನಡುವೆ ಬಂದ ಒಂದೆರಡು ಮಳೆಯಿಂದ ಬಳ್ಳಿ ಜೀವ ಹಿಡಿದುಕೊಂಡಿತ್ತೇ ಹೊರತು ನನ್ನಿಂದಲ್ಲ. ಫೋನಿಟ್ಟ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಆಂಟಿ ನನ್ನನ್ನು ಕೇಳಿದ್ದು ಒಂದೇ ಒಂದು ಕೆಲಸ.

ಮೂರನೆಯ ವಾರ ಅವರು, ಬರೀ ಮಾತು ಸಾಕು, ವಿಡಿಯೋ ಮಾಡಿ ತೋರಿಸು ಎಂದರು. ಶನಿವಾರ ಮಧ್ಯಾಹ್ನ ಎಂದು ಮಾತಾಯಿತು. ಅವತ್ತು ಬೆಳಿಗ್ಗೆಯೇ ನಾನು ಹೋಗಿ ಎರಡು ಬಕೆಟ್ ನೀರು ಸುರಿದು, ಹಳದಿ ಎಲೆಗಳನ್ನು ಆರಿಸಿ ತೆಗೆದು, ಬಳ್ಳಿಯನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆಂಬಂತೆ ತಯಾರು ಮಾಡಿದ್ದೆ. ಮಧ್ಯಾಹ್ನ ಸುಧಾ ಫೋನ್ ಹಿಡಿದಳು. ನಾನು ನಳ ತಿರುವಿ, ಗುಂಡಿ ಒತ್ತಿ, ನೀರು ಬರುವುದನ್ನು ತೋರಿಸಿ, ಆ ರಬ್ಬರಿನ ಬಿಲ್ಲೆಯ ಚಮತ್ಕಾರವನ್ನೂ ಚಿಕ್ಕದಾಗಿ ವಿವರಿಸಿದೆ. ನೋಡಿ ಆಂಟಿ, ಏನೂ ದೋಷವಿಲ್ಲ ಎಂದು ಫೋನಿನ ಕಡೆ ತಿರುಗಿದೆ.

"ಅದೆಲ್ಲ ಸರಿ," ಎಂದರು ಆಂಟಿ. "ನಲ್ಲಿ ಯಾಕಪ್ಪ ನಿಲ್ಲಿಸಿದೆ?"

ನಾನು ಕೆಳಗೆ ನೋಡಿದೆ. ನನ್ನ ಬಲಗೈ ನಳದ ಮೇಲಿತ್ತು. ನಳ ಭದ್ರವಾಗಿ ಬಂದ್ ಆಗಿತ್ತು. ಯಾವಾಗ ಬಂದ್ ಮಾಡಿದೆನೋ ನನಗೆ ಗೊತ್ತಿಲ್ಲ. ಪ್ರತಿ ಸಂಜೆ ನಡೆದದ್ದೂ ಇದೇ. ಬಂದ ಕೂಡಲೇ ಕೈ ನಳ ತೆರೆಯುತ್ತಿತ್ತು, ಪರೀಕ್ಷೆ ಮುಗಿದು ಹೊರಡುವಾಗ ಕೈಯೇ ಮುಚ್ಚುತ್ತಿತ್ತು. ಬೆಳಿಗ್ಗೆ ಆರಕ್ಕೆ ಆ ಬಡಪಾಯಿ ಟೈಮರು ಸರಿಯಾಗಿ ಟಕ್ ಎಂದು ಬಾಗಿಲು ತೆರೆದು, ಇಲ್ಲದ ನೀರಿಗಾಗಿ ನಲವತ್ತೈದು ನಿಮಿಷ ಕಾದು, ಮತ್ತೆ ಟಕ್ ಎಂದು ಮುಚ್ಚಿಕೊಳ್ಳುತ್ತಿತ್ತು. ಸುಧಾ ನಕ್ಕ ರಭಸಕ್ಕೆ ಆಂಟಿಗೆ ಸ್ವಲ್ಪ ಹೊತ್ತು ಬರೀ ಆಕಾಶ ಕಾಣಿಸಿತಂತೆ.

ಆ ಕೈಗೆ ಪಾಠ ಕಲಿಸಿದವರು ಬೇರೆ. ನನಗೆ ಹತ್ತು ವರ್ಷವಿರಬೇಕು. ನಮ್ಮ ಮನೆ ಓಣಿಯ ಮೊದಲಿಗಿತ್ತು. ನೀರಿನ ಒತ್ತಡ ಸಾಲದೆಂದು ಎಲ್ಲರ ಮನೆ ಮುಂದೆಯೂ ತಗ್ಗು ತೋಡಿ, ಅದರ ತಳದಲ್ಲಿ ನಳ ಕೂರಿಸಿದ್ದರು. ನಾವೆಲ್ಲ ಒಂದು ಮದುವೆಗೆ ಬೇರೆ ಊರಿಗೆ ಹೊರಟಿದ್ದೆವು. ನೀರು ಬಂತೇನೋ ಎಂದು ತಗ್ಗಿಗೆ ಇಳಿದು ನಳ ತಿರುವಿ ನೋಡಿದವನು ಹಾಗೆಯೇ ಬಿಟ್ಟು ಗಾಡಿ ಹತ್ತಿದೆ. ಒಂಬತ್ತು ದಿನದಿಂದ ಓಣಿಯೆಲ್ಲ ಕಾದಿದ್ದ ನೀರು ಅವತ್ತೇ ಬಂದು, ನಮ್ಮ ತಗ್ಗು ತುಂಬಿ, ಗಟಾರಕ್ಕೆ ಹರಿದುಹೋಯಿತು. ಓಣಿಯ ಕೊನೆಯ ಮನೆಗೆ ಒಂದು ಹನಿ ತಲುಪಲಿಲ್ಲ. ಮರುದಿನ ನಾವು ಬಂದಾಗ ಆ ಮನೆಯ ಗೌರಕ್ಕ ಖಾಲಿ ಕೊಡ ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಬೈಯಲಿಲ್ಲ. ನಮ್ಮ ಹಂಡೆಯಲ್ಲಿದ್ದ ಹಳೆಯ ನೀರಿನಲ್ಲಿ ಎರಡು ಕೊಡ ಸಿಕ್ಕೀತೇ ಎಂದು ಅವ್ವನನ್ನು ಕೇಳಿದಳು. ಅವ್ವ ಕೊಡ ತುಂಬಿ, ನನ್ನ ತಲೆಯ ಮೇಲಿಟ್ಟಳು. ಓಣಿಯುದ್ದಕ್ಕೂ ಎರಡು ಸಲ ಹೊತ್ತುಕೊಂಡು ಹೋದೆ. ಕಟ್ಟೆಗಳ ಮೇಲೆ ಕೂತವರೆಲ್ಲ ಸುಮ್ಮನೆ ನೋಡುತ್ತಿದ್ದರು. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಹೋಟೆಲಿನ ಬಾತ್‌ರೂಮಿನಲ್ಲಿ, ಏರ್‌ಪೋರ್ಟಿನಲ್ಲಿ, ಬೇರೆಯವರು ಅರ್ಧ ಬಿಟ್ಟ ನಳಗಳನ್ನೂ ಬಂದ್ ಮಾಡಿಕೊಂಡೇ ಬಂದಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಆಂಟಿಗೆ ಹೇಳಿದೆ. ಮೂರು ವಾರ ಬಳ್ಳಿಗೆ ನೀರು ಹೋಗಿಲ್ಲ, ನಾನು ನಿಮಗೆ ಸುಳ್ಳು ಹೇಳುತ್ತ ಬಂದೆ ಎಂಬುದನ್ನೂ ಹೇಳಿದೆ. ಅವರು, ಆಗಿದ್ದಾಯಿತು, ಈಗಲಾದರೂ ತೆರೆದಿಡು ಎಂದು ಫೋನಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ತೆರೆದಿಡುವುದು ನೀವಂದುಕೊಂಡಷ್ಟು ಸುಲಭವಲ್ಲ. ಸುಧಾ ಒಂದು ಚೀಟಿಯ ಮೇಲೆ 'ಮುಟ್ಟಬೇಡಿ' ಎಂದು ಬರೆದು ನಳಕ್ಕೆ ಅಂಟಿಸಿದಳು. ತೆರೆದ ನಳಕ್ಕೆ ಬೆನ್ನು ಹಾಕಿ ನಡೆಯುವಾಗ ನನ್ನ ಬೆನ್ನಿನಲ್ಲಿ ತುರಿಕೆಯಾಗುತ್ತಿತ್ತು. ಸೋಮವಾರ ಟ್ರೈನಿನಲ್ಲಿ ಕೂತು, ಪೈಪು ಒಡೆದು ಆಂಟಿಯ ನೆಲಮಾಳಿಗೆ ತುಂಬಿರಬಹುದೇ ಎಂದು ಯೋಚಿಸುತ್ತ ಇಳಿಯುವ ಸ್ಟೇಷನ್ ದಾಟಿ ಹೋದೆ. ಸಂಜೆ ಹೋಗಿ ಬೆರಳು ಚುಚ್ಚಿದರೆ ಮಣ್ಣು ಒದ್ದೆಯಾಗಿತ್ತು.

ಒಂದು ವಾರವಾಗಿರಬೇಕು. ಸೆಪ್ಟೆಂಬರ್ ಇನ್ನೂ ಮುಗಿದಿರಲಿಲ್ಲ. ಸೊರಗಿದ ಬಳ್ಳಿಯಲ್ಲಿ ಅಲ್ಲಲ್ಲಿ ಕಡ್ಡಿ ನೆಟ್ಟಗೆ ನಿಂತು, ಅದರ ತುಂಬ ಬಿಳಿ ಮೊಗ್ಗು. ನಾನು ನಂಬದೆ ಸುಧಾಳನ್ನು ಕರೆದುಕೊಂಡು ಬಂದು ತೋರಿಸಿದೆ. ಹೂವಾಯಿತು, ಹೂ ಉದುರಿ ಉಗುರಿನಷ್ಟು ಹೀಚಾಯಿತು. ಆಂಟಿಗೆ ದಿನಕ್ಕೊಂದು ಫೋಟೋ ಕಳಿಸುತ್ತಿದ್ದೆ. ಇನ್ನು ನಾನು ಹೇಳಿದ್ದನ್ನು ಬರೀ ಬಾಯಿಮಾತಿಗೆ ನಂಬುವ ಹಾಗಿರಲಿಲ್ಲವಲ್ಲ. ಅಕ್ಟೋಬರ್ ಕೊನೆಗೆ ಹವಾಮಾನದವರು ಫ್ರಾಸ್ಟ್ ಬರುತ್ತದೆ ಎಂದ ದಿನ ನಾನು ಆಫೀಸಿಗೆ ರಜೆ ಹಾಕಿ, ಏಣಿ ಹತ್ತಿ, ಗರಾಜಿನ ಸೂರಿನವರೆಗೆ ಒಂದೂ ಬಿಡದೆ ಕಾಯಿ ಕಿತ್ತೆ. ಒಂದು ಚೀಲದ ತಳ ಮುಚ್ಚುವಷ್ಟು ಸಿಕ್ಕಿತು. ಹಾಗೆಯೇ ಜೆರಿಕೋಗೆ ಡ್ರೈವ್ ಮಾಡಿದೆ. ಸೇತುವೆಯ ಮೇಲೆ ಟ್ರಾಫಿಕ್ ನಿಂತಾಗ ಕಾರಿನ ತುಂಬ ಒಂದು ಹಸಿ ವಾಸನೆ ಹಬ್ಬಿಕೊಂಡಿತು. ಬೆರಳು ಮೂಸಿ ನೋಡಿಕೊಂಡೆ. ಐವತ್ತೆಂಟು ವರ್ಷಕ್ಕೆ ನನಗೂ ಸೊಗಡೆಂದರೇನೆಂದು ತಿಳಿಯಿತು.

ಆಂಟಿ ಊಟದ ಮೇಜಿನ ಮೇಲೆ ಪೇಪರ್ ಹರಡಿ, ಚೀಲ ಬಗ್ಗಿಸಿ, ಒಂದೊಂದೇ ಕಾಯಿ ಸುಲಿಯತೊಡಗಿದರು. ಮೊಮ್ಮಗಳು ಬಂದು, ಅಜ್ಜಿ, ವಾಟ್ಸ್ ದಟ್ ಸ್ಮೆಲ್ ಎಂದು ಮೂಗು ಹಿಡಿದುಕೊಂಡು ಹೋದಳು. ಎಷ್ಟೋ ಕಾಯಿಗಳಲ್ಲಿ ಕಾಳು ಕಟ್ಟಿರಲಿಲ್ಲ. ಕಟ್ಟಿದ್ದವು ಒಂದು ಬಟ್ಟಲಿಗಾದವು. ಮೂರು ವಾರ ನಾನು ನೀರು ತಪ್ಪಿಸದಿದ್ದರೆ ಈ ಮೇಜು ತುಂಬುತ್ತಿತ್ತು ಆಂಟಿ, ತಪ್ಪಾಯಿತು ಎಂದೆ.

ಆಂಟಿಯ ಕೈ ನಿಂತಿತು. ಮೊದಲ ಮೊಗ್ಗು ಯಾವಾಗ ಕಂಡದ್ದು ಎಂದು ಕೇಳಿದರು. ಸೆಪ್ಟೆಂಬರ್ ಕೊನೆಯ ವಾರ ಎಂದೆ. ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು.

"ನಂಗೆ ಯಾವತ್ತೂ ಅಕ್ಟೋಬರ್ ಅರ್ಧ ಆಗೋವರ್ಗೆ ಮೊಗ್ಗೇ ಕಾಣಿಸ್ತಿರ್ಲಿಲ್ಲ," ಎಂದರು. "ನಮ್ಮಪ್ಪ ರಾಗಿ ಹೊಲದ ಸಾಲಿನ ಮಧ್ಯೆ ಅವರೆ ಬಿತ್ತಿ ಬಿಟ್ಬಿಡೋರು. ಅದಕ್ಕೆ ಒಂದು ಚೊಂಬು ನೀರು ಹಾಕಿದ್ದು ನಾನು ನೋಡಿಲ್ಲ. ಮಳೆ ನಿಂತು ನೆಲ ಒಣಗಿದ್ಮೇಲೇ ಅದು ಹೂವಿಗೆ ಬರ್ತಿದ್ದಿದ್ದು. ನೋಡ್ಕೊಂಡೇ ಬೆಳೆದವಳು ನಾನು."

ಒಣಗಿಸಿದ್ದಕ್ಕೇ ಹೂ ಬೇಗ ಬಂತೋ, ಬಿಸಿಲಿಗೋ, ಈ ವರ್ಷದ ಹವೆಗೋ, ನನಗೆ ಖಚಿತವಾಗಿ ಗೊತ್ತಿಲ್ಲ. ಹಾಗೆಯೇ ಅಂದೆ. ಆಂಟಿ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಹನ್ನೊಂದು ವರ್ಷ ಬೆಳಿಗ್ಗೆ ಆರಕ್ಕೆ ಎದ್ದು ಪೈಪು ಹಿಡಿದು ನಿಂತ ಹೆಂಗಸು ಬಟ್ಟಲಿನ ಕಾಳನ್ನು ನೋಡುತ್ತ ಕೂತಿದ್ದರು. ಮೆಟುಚೆನ್ನಿನ ಆ ಮನೆಯಲ್ಲಿ ಇನ್ನೊಂದು ವರ್ಷ ಅವರಿಗಿಲ್ಲ ಎಂಬುದು ನನಗೆ ನೆನಪಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವರು ಇನ್ನೊಂದು ಕಾಯಿ ಕೈ‌ಗೆ ತೆಗೆದುಕೊಂಡರು.

"ಇಲ್ಲಿ ಬೇಲಿ ಪಕ್ಕ ನಾಲ್ಕಡಿ ಜಾಗ ಕೊಡು ಅಂತ ಮಗನ್ನ ಕೇಳ್ತೀನಿ. ಬರೋ ಆಗಸ್ಟ್‌ನಲ್ಲಿ ನೀನು ಒಂದ್ಸಲ ಬಂದುಹೋಗ್ಬೇಕು, ವಸಂತ. ಬಳ್ಳಿ ಬಾಡ್ತಾ ಇರೋದು ನೋಡ್ಕೊಂಡು ನೀರು ನಿಲ್ಲಿಸೋದು ನನ್ನ ಕೈಯಲ್ಲಿ ಆಗಲ್ಲ."